ಎಷ್ಟು ಬೇಕು ಅಂತ ಹೇಳಲೇ ಇಲ್ಲ

ರಾಯಚೂರು ಜಿಲ್ಲೆಯ ದೇವದುರ್ಗದ ಕಡೆ ಒಂದು ಸಣ್ಣ ಸಂಸ್ಥೆ ಇದೆ ಅಂದುಕೊಳ್ಳಿ. ಇದು ಯಾವುದೋ ಒಂದು ನಿಜವಾದ ಸಂಸ್ಥೆಯ ಕತೆಯಲ್ಲ. ಸಮಾಜಸೇವೆಯ ಸಂಸ್ಥೆಯವರು ಕೊಡುವವರ ಮುಂದೆ ತಮ್ಮ ಕೆಲಸ ಹೇಳಿ ಹಣ ಕೇಳುವುದು ಹೇಗೆ ಅಂತ ಬಿಡಿಸಿ ಹೇಳಲು ಕಟ್ಟಿಕೊಂಡ ಉದಾಹರಣೆ, ಲೆಕ್ಕವೂ ಹಾಗೇ ಹಿಡಿದದ್ದು. ಆದರೆ ಆ ಕಡೆ ಗುಳೆ ಹೋಗುವುದು ಕಟ್ಟಿಕೊಂಡ ಮಾತಲ್ಲ. ಮುಂಗಾರು ಬೆಳೆ ಕೈಗೆ ಬಂದ ಮೇಲೆ ಎಷ್ಟೋ ಮನೆಯವರು ಬೆಂಗಳೂರಿಗೋ ಇನ್ನೆಲ್ಲಿಗೋ ಕೂಲಿ ಹುಡುಕಿಕೊಂಡು ಹೊರಡುತ್ತಾರೆ. ಅಪ್ಪ ಅಮ್ಮನ ಜೊತೆ ಮಕ್ಕಳೂ ಹೊರಡುತ್ತಾರೆ. ಶಾಲೆ ಅಲ್ಲಿಗೆ ನಿಂತಂತೆ. ನಮ್ಮ ಉದಾಹರಣೆಯ ಸಂಸ್ಥೆ ನವೆಂಬರಿನಿಂದ ಏಪ್ರಿಲ್‌ವರೆಗೆ ಅಂಥ 60 ಮಕ್ಕಳನ್ನು ಊರಲ್ಲೇ ಇಟ್ಟುಕೊಂಡು, ಊಟ ಹಾಸಿಗೆ ಕೊಟ್ಟು, ಅದೇ ಸರ್ಕಾರಿ ಶಾಲೆಗೆ ಕಳಿಸುತ್ತದೆ. ನಡೆಸುವವರು ಒಬ್ಬ ಅಕ್ಕ. ಹನ್ನೆರಡು ವರ್ಷದಿಂದ ಇದೇ ಕೆಲಸ.

ಬೆಂಗಳೂರಿನ ಒಂದು ಕಂಪನಿ ಅವರಿಗೆ ಹತ್ತು ನಿಮಿಷ ಕೊಟ್ಟಿದೆ. ಅಕ್ಕ ಶುರು ಮಾಡುತ್ತಾರೆ: "ನಮ್ಮ ಸಂಸ್ಥೆಯು ಟ್ರಸ್ಟ್ ಕಾಯ್ದೆಯಡಿ ನೋಂದಣಿಯಾಗಿದ್ದು, ಗ್ರಾಮೀಣ ಭಾಗದ ಹಿಂದುಳಿದ ಸಮುದಾಯಗಳ ಸರ್ವಾಂಗೀಣ ಅಭಿವೃದ್ಧಿಯ ಧ್ಯೇಯವನ್ನು ಹೊಂದಿದೆ..." ಪಿಪಿಟಿಯಲ್ಲಿ 24 ಸ್ಲೈಡ್. ಗಣ್ಯರು ದೀಪ ಹಚ್ಚುತ್ತಿರುವ ಫೋಟೊ. ಮಹಿಳಾ ದಿನಾಚರಣೆ, ಗಿಡ ನೆಟ್ಟಿದ್ದು, ಕೋವಿಡ್ ಕಿಟ್ ಹಂಚಿದ್ದು. ಗುಳೆ ಅನ್ನುವ ಪದ ಬರುವುದು ಏಳನೇ ನಿಮಿಷಕ್ಕೆ. ಅಷ್ಟರಲ್ಲಿ ಎದುರಿಗಿದ್ದವರು ಒಮ್ಮೆ ಫೋನ್ ನೋಡಿ ಆಗಿದೆ. ಹತ್ತನೇ ನಿಮಿಷಕ್ಕೆ ಅಕ್ಕ ಕೈಮುಗಿಯುತ್ತಾರೆ: "ತಮ್ಮ ಸಹಾಯ ಸಹಕಾರ ಸದಾ ಇರಲಿ." ಎದುರಿನವರೂ ಕೈಮುಗಿಯುತ್ತಾರೆ. ಚಹಾ ಬರುತ್ತದೆ.

ಎಷ್ಟು ಬೇಕು, ಯಾತಕ್ಕೆ ಬೇಕು, ಯಾವಾಗ ಬೇಕು, ಒಂದನ್ನೂ ಹೇಳಲಿಲ್ಲ.

ಸಮಾಜಸೇವೆಯ ಸಂಸ್ಥೆಗಳನ್ನು ನಡೆಸುವವರಿಗೆ ತಮ್ಮ ಕೆಲಸವನ್ನು ಬೇರೆಯವರ ಮುಂದೆ ಇಡುವುದು ಹೇಗೆ ಅಂತ ಹೇಳಿಕೊಡುವ ತರಬೇತಿ ಈಗ ಅಲ್ಲಲ್ಲಿ ನಡೆಯುತ್ತಿದೆ. 1997ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ ಸೋಷಿಯಲ್ ವೆಂಚರ್ ಪಾರ್ಟ್ನರ್ಸ್ ಬಳಗದವರು ಇದನ್ನೇ ಒಂದು ಸ್ಪರ್ಧೆಯ ಹಾಗೆ ಮಾಡಿದರು. ಅದರ ಹೆಸರು ಫಾಸ್ಟ್ ಪಿಚ್. ಕೆಲವೇ ನಿಮಿಷದಲ್ಲಿ ಹೇಳಿ ಮುಗಿಸಬೇಕು. ವೇದಿಕೆ ಹತ್ತುವ ಮೊದಲು ಅನುಭವಸ್ಥರು ಜೊತೆಗೆ ಕೂತು ತಿದ್ದಿ ತೀಡುತ್ತಾರೆ. ಆ ಬಳಗ ಬೆಂಗಳೂರಿನಲ್ಲೂ ಇದೆ. ಹೊಸ ಉದ್ಯಮಗಳಿಗೆ ಆಸರೆ ಕೊಡುವ ಬೆಂಗಳೂರು ಐಐಎಂನ ಕೇಂದ್ರ ಎನ್‌ಎಸ್‌ಆರ್‌ಸಿಇಎಲ್‌ನಲ್ಲಿ ಲಾಭ ನೋಡದ ಸಂಸ್ಥೆಗಳನ್ನು ಬೆಳೆಸುವ ಕಾರ್ಯಕ್ರಮವಿದೆ. ಬೆಂಗಳೂರಿನದೇ ಆದ ದಿ ನಜ್ ಸಂಸ್ಥೆಯೂ ಇಂಥ ಹೊಸ ಸಂಸ್ಥೆಗಳ ಕೈಹಿಡಿಯುತ್ತದೆ. ಇಲ್ಲಿ ಏನು ಕಲಿಸುತ್ತಾರೆ ಅಂದರೆ ಹೆಚ್ಚಿನವರು ಭಾಷಣ ಕಲೆ ಅಂದುಕೊಳ್ಳುತ್ತಾರೆ. ಇಂಗ್ಲಿಷ್, ಕೈ ಆಡಿಸುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಅದೆಲ್ಲ ಇದೆ, ಆದರೆ ಅದು ಸಣ್ಣ ಪಾಲು. ನನ್ನ ಲೆಕ್ಕದಲ್ಲಿ ಬಿಡಿಸಬೇಕಾದ ಗಂಟು ಎರಡೇ. ಒಂದು, ಯಾವುದನ್ನೂ ಬಿಡಲು ಮನಸ್ಸಾಗದಿರುವುದು. ಇನ್ನೊಂದು, ಕೇಳಲು ನಾಚಿಕೆ.

ಮೊದಲ ಗಂಟು ಅರ್ಥವಾಗುವಂಥದ್ದೇ. ಹನ್ನೆರಡು ವರ್ಷ ಬೆವರು ಸುರಿಸಿದವರಿಗೆ ಗಿಡ ನೆಟ್ಟಿದ್ದೂ ಮುಖ್ಯ, ಕಿಟ್ ಹಂಚಿದ್ದೂ ಮುಖ್ಯ. ಬಿಟ್ಟರೆ ಆ ಕೆಲಸಕ್ಕೆ ಅನ್ಯಾಯ ಮಾಡಿದ ಹಾಗೆ ಅನಿಸುತ್ತದೆ. ಜೊತೆಗೆ ಒಂದು ಭಯವೂ ಇದೆ. ಕಂಪನಿಯವರಿಗೆ ಮಕ್ಕಳ ವಿಷಯ ಇಷ್ಟವಾಗದಿದ್ದರೆ? ಗಿಡವಾದರೂ ಇರಲಿ. ಹೀಗೆ ಎಲ್ಲವನ್ನೂ ಬುಟ್ಟಿಗೆ ಹಾಕಿಕೊಂಡು ಹೋದರೆ ಎದುರಿನವರಿಗೆ ಬುಟ್ಟಿ ಮಾತ್ರ ಕಾಣುತ್ತದೆ.

ಇದಕ್ಕೆ ತರಬೇತಿ ಕೊಡುವವರು ಮಾಡುವುದು ಬಹಳ ಸರಳ ಕೆಲಸ. ಪಿಪಿಟಿ ಮುಚ್ಚಿಸುತ್ತಾರೆ. ಫೋನಿನಲ್ಲಿ ರೆಕಾರ್ಡ್ ಹಾಕಿ, "ಅಕ್ಕ, ನಮ್ಮ ಅಮ್ಮನಿಗೆ ಹೇಳೋ ಹಾಗೆ ಹೇಳಿ. ಅವರಿಗೆ ಎನ್‌ಜಿಒ ಅಂದ್ರೆ ಗೊತ್ತಿಲ್ಲ" ಅನ್ನುತ್ತಾರೆ. ಆಗ ಸರ್ವಾಂಗೀಣ ಅಭಿವೃದ್ಧಿ ಬಾಯಿಗೆ ಬರುವುದಿಲ್ಲ. ಅಕ್ಕನ ಬಾಯಿಂದ ಬರುವುದು ಹೀಗೆ: "ದೀಪಾವಳಿ ಆತಂದ್ರ ನಮ್ಮೂರಾಗ ಮನಿ ಮನಿಗೆ ಬೀಗ ಬೀಳ್ತಾವ್ರಿ. ಹಾಜರಿ ಪುಸ್ತಕದಾಗ ಹುಡುಗರ ಹೆಸರು ಇರ್ತಾವ, ಹುಡುಗರು ಇರಂಗಿಲ್ಲ."

ಇಲ್ಲಿಗೆ ಅರ್ಧ ಕೆಲಸ ಮುಗಿಯಿತು. ಬೀಗ ಬಿದ್ದ ಮನೆ ಕೇಳುವವರ ಕಣ್ಣಿಗೆ ಕಟ್ಟುತ್ತದೆ.

ಭಾಷೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜಿಲ್ಲೆಗಳಿಂದ ಬರುವವರು ಬೆಂಗಳೂರಿನ ಸಭೆ ಅಂದ ಕೂಡಲೇ ಇಂಗ್ಲಿಷ್ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಬಾಯಿಪಾಠದ ಇಂಗ್ಲಿಷಿನಲ್ಲಿ ಬೀಗ ಬೀಳುವುದಿಲ್ಲ. ಮೊದಲು ತಮ್ಮ ಮಾತಿನಲ್ಲಿ ಹೇಳಿ, ಅದು ಸರಿಯಾಗಿ ಕೂತ ಮೇಲೆ ಬೇಕಿದ್ದರೆ ಇಂಗ್ಲಿಷಿಗೆ ತರಲಿ. ಎದುರಿಗಿರುವವರಿಗೆ ಕನ್ನಡ ಬರುತ್ತದಾ ಅಂತ ಮೊದಲೇ ಒಂದು ಫೋನ್ ಮಾಡಿ ಕೇಳಿದರೆ ತಪ್ಪೇನಿಲ್ಲ. ಬಂದರೆ ಕನ್ನಡದಲ್ಲೇ ಹೇಳಿ, ಸಂಖ್ಯೆಗಳನ್ನು ಮಾತ್ರ ಇಂಗ್ಲಿಷಿನ ಒಂದು ಹಾಳೆಯಲ್ಲಿ ಕೊಟ್ಟು ಬರಬಹುದು. ಬಾರದಿದ್ದರೆ ಇಂಗ್ಲಿಷ್ ಚೆನ್ನಾಗಿ ಬರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ತಡಬಡಾಯಿಸುವುದಕ್ಕಿಂತ ಎಷ್ಟೋ ವಾಸಿ.

ಒಂದು ಮಗುವಿನ ಕತೆ ಹೇಳಬೇಕೋ, 60 ಮಕ್ಕಳ ಲೆಕ್ಕ ಹೇಳಬೇಕೋ? ಈ ಪ್ರಶ್ನೆ ಪ್ರತಿ ತರಬೇತಿಯಲ್ಲೂ ಬರುತ್ತದೆ. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್, ಪಾಲ್ ಸ್ಲೊವಿಕ್ ಎಂಬ ಮೂವರು ಸಂಶೋಧಕರು ಇದರ ಬಗ್ಗೆ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಭಾಗವಹಿಸಿದವರ ಕೈಗೆ 5 ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿನ ಪರಿಹಾರಕ್ಕೆ ಅದರಲ್ಲಿ ಎಷ್ಟು ಕೊಡುತ್ತೀರಿ ಅಂತ ಕೇಳಿದರು. ಕೆಲವರಿಗೆ ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಬಗ್ಗೆ ಹೇಳಿದರು. ಅವರು ಸರಾಸರಿ 2.38 ಡಾಲರ್ ಕೊಟ್ಟರು. ಕೆಲವರಿಗೆ ಲಕ್ಷಾಂತರ ಜನರ ಅಂಕಿ ಅಂಶ ಕೊಟ್ಟರು. ಅವರ ಸರಾಸರಿ 1.14. ಎರಡನ್ನೂ ಒಟ್ಟಿಗೆ ಓದಿದವರು 1.43ಕ್ಕೆ ಇಳಿದರು. ಅಂದರೆ ಹುಡುಗಿಯ ಪಕ್ಕದಲ್ಲಿ ಲಕ್ಷ ಲಕ್ಷ ಅಂತ ಇಟ್ಟ ಕೂಡಲೇ ಕೊಡುವ ಕೈ ಹಿಂದೆ ಸರಿಯಿತು. ಇಷ್ಟು ದೊಡ್ಡ ಸಮುದ್ರಕ್ಕೆ ನನ್ನ ಒಂದು ಬೊಗಸೆ ಯಾವ ಲೆಕ್ಕ ಅನಿಸಿತೋ ಏನೋ.

ಇದನ್ನು ಓದಿ ಕೆಲವರು ಅಂಕಿಗಳನ್ನು ಪೂರ್ತಿ ಬಿಟ್ಟು ಅಳುವ ಮಗುವಿನ ಫೋಟೊ ಹಿಡಿದುಕೊಂಡು ಹೊರಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆ ಪ್ರಯೋಗ ಒಬ್ಬೊಬ್ಬ ವ್ಯಕ್ತಿ ಜೇಬಿಗೆ ಕೈ ಹಾಕುವ ಬಗ್ಗೆ. ಕಂಪನಿಯ ಸಮಿತಿಯ ಮುಂದೆ ಲೆಕ್ಕ ಇಲ್ಲದಿದ್ದರೆ ಕಡತ ಮುಂದೆ ಹೋಗುವುದಿಲ್ಲ. ಹಾಗಾಗಿ ಮೊದಲು ಬೀಗ ಬಿದ್ದ ಮನೆ, ಅಲ್ಲಿಂದ ಒಂದು ಮಗು. ಅದು ಮನಸ್ಸಿಗೆ ಇಳಿದ ಮೇಲೆ, ಬೇರೆಯಾಗಿ, ಲೆಕ್ಕ. ಫೋಟೊ ವಿಷಯದಲ್ಲಂತೂ ಕಾನೂನೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಸಿಗುವ ಯಾವುದನ್ನೂ ಮಾಧ್ಯಮದಲ್ಲಿ ಬಹಿರಂಗ ಮಾಡುವ ಹಾಗಿಲ್ಲ. ಕಾನೂನು ಹಾಗಿರಲಿ. ಆ ಹುಡುಗಿಯ ಅಮ್ಮ ಇದೇ ಕೋಣೆಯಲ್ಲಿ ಹಿಂದಿನ ಸಾಲಲ್ಲಿ ಕೂತಿದ್ದರೆ ಈ ಕತೆಯನ್ನು ಹೀಗೇ ಹೇಳುತ್ತೀರಾ? ಇದೊಂದು ಪ್ರಶ್ನೆ ಕೇಳಿದರೆ ಸಾಕು, ಅಕ್ಕ ತಾವಾಗಿಯೇ ಎರಡು ವಾಕ್ಯ ಅಳಿಸುತ್ತಾರೆ.

ಇನ್ನು ಲೆಕ್ಕ. ನಮ್ಮ ಸಂಸ್ಥೆಗೆ ಒಂದು ಮಗುವಿಗೆ ದಿನಕ್ಕೆ 110 ರೂಪಾಯಿ ಖರ್ಚು ಅಂದುಕೊಳ್ಳೋಣ. ಊಟ, ಬಾಡಿಗೆ, ವಾರ್ಡನ್ ಸಂಬಳ, ಲೆಕ್ಕ ಬರೆಯುವವರ ಸಂಬಳ ಎಲ್ಲ ಸೇರಿ. 180 ದಿನಕ್ಕೆ 19,800. 60 ಮಕ್ಕಳಿಗೆ 11,88,000. ಈಗ ನೋಡಿ, ಕೇಳಲು ಮೂರು ಅಳತೆಗಳು ಸಿಕ್ಕವು. ಬೆಂಗಳೂರಿನಲ್ಲಿ ನೆಲೆಸಿರುವ ರಾಯಚೂರಿನ ನಿವೃತ್ತ ಮೇಷ್ಟ್ರಿಗೆ ಒಂದು ಮಗುವಿನ ಒಂದು ತಿಂಗಳು, 3,300. ಇನ್ನೂ ಸ್ವಲ್ಪ ಕೈಯಲ್ಲಿ ಇರುವವರಿಗೆ ಒಂದು ಮಗುವಿನ ಇಡೀ ಗುಳೆ ಕಾಲ. ಕಂಪನಿಗೆ ಇಡೀ ಹಾಸ್ಟೆಲ್. ಹಣ ಎಂಬ ಆಕಾರವಿಲ್ಲದ ವಸ್ತುವಿಗೆ ಒಂದು ಆಕಾರ ಬಂತು. 2000ನೇ ಇಸವಿಯಲ್ಲಿ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಊಟ ಹಾಕುವುದರಿಂದ ಶುರುವಾದ ಅಕ್ಷಯ ಪಾತ್ರ ದಾನಿಗಳ ಮುಂದೆ ಇಟ್ಟಿದ್ದೂ ಇಂಥದ್ದೇ ಅಳತೆ: ಒಂದು ಮಗು, ಒಂದು ವರ್ಷದ ಊಟ, ಇಷ್ಟು ರೂಪಾಯಿ. ಓದಿದವರಿಗೆ ಎರಡನೇ ಸಲ ಯೋಚಿಸುವ ಕೆಲಸವಿಲ್ಲ.

ಆದರೆ 60 ಮಕ್ಕಳಿಗೆ ಊಟ ಹಾಕಿದ್ದು ಫಲಿತಾಂಶವಲ್ಲ, ಅದು ಖರ್ಚು. "ಅದರಿಂದ ಏನಾಯ್ತು?" ಅಂತ ತರಬೇತಿ ಕೊಡುವವರು ಮತ್ತೆ ಮತ್ತೆ ಕೇಳುತ್ತಾರೆ. ಊಟ ಹಾಕಿದ್ವಿ. ಅದರಿಂದ ಏನಾಯ್ತು? ಮಕ್ಕಳು ಊರಲ್ಲೇ ಉಳಿದರು. ಅದರಿಂದ? ಶಾಲೆಗೆ ಹೋದರು. ಅದರಿಂದ? ಜೂನ್‌ನಲ್ಲಿ ಶಾಲೆ ಶುರುವಾದಾಗ ಮುಂದಿನ ತರಗತಿಯಲ್ಲಿ ಕೂತಿದ್ದರು. ಹಾ, ಎಷ್ಟು ಮಕ್ಕಳು? ಇಲ್ಲಿ ಎಷ್ಟೋ ಸಂಸ್ಥೆಗಳ ಹತ್ತಿರ ಉತ್ತರ ಇರುವುದಿಲ್ಲ. ಲೆಕ್ಕ ಇಟ್ಟಿರುವುದಿಲ್ಲ, ಅಷ್ಟೇ. ಹಾಗಾಗಿ ಒಳ್ಳೆಯ ತರಬೇತಿ ಮಾತು ತಿದ್ದಲು ಹೋಗಿ ಕೆಲಸವನ್ನೇ ಸ್ವಲ್ಪ ತಿದ್ದುತ್ತದೆ. ಮುಂದಿನ ಜೂನ್‌ನಲ್ಲಿ ಅಕ್ಕ ಹಾಜರಿ ಪುಸ್ತಕ ನೋಡಿ ಬರೆದುಕೊಳ್ಳುತ್ತಾರೆ.

ಈಗ ಎದುರಿಗೆ ಕೂತವರ ಕಡೆ ಹೋಗೋಣ. ಅವರನ್ನು ಅರಿಯದೆ ಮಾತು ಕಟ್ಟುವುದು ಅಳತೆ ತೆಗೆದುಕೊಳ್ಳದೆ ಅಂಗಿ ಹೊಲಿದ ಹಾಗೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಕನಿಷ್ಠ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ನಾವೆಲ್ಲ ಸಿಎಸ್‌ಆರ್ ಅನ್ನುವುದು ಇದನ್ನೇ. ಇದರಿಂದ ಅಕ್ಕನಿಗೆ ತಿಳಿಯಬೇಕಾದ್ದು ಹಲವು. ಹಣ ಎಲ್ಲಿ ಖರ್ಚಾಗಬಹುದು ಅನ್ನುವ ಪಟ್ಟಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ, ಶಿಕ್ಷಣ ಅದರಲ್ಲಿದೆ. ಸಂಸ್ಥೆ ಸಿಎಸ್‌ಆರ್-1 ಫಾರ್ಮ್ ತುಂಬಿ ನೋಂದಣಿ ಸಂಖ್ಯೆ ಪಡೆದಿರಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಅದಿಲ್ಲದಿದ್ದರೆ ಎಷ್ಟು ಚೆನ್ನಾಗಿ ಮಾತಾಡಿದರೂ ಚೆಕ್ ಬರುವುದಿಲ್ಲ. ಕಂಪನಿ ತನ್ನ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಬೆಂಗಳೂರಿನ ಕಂಪನಿಗೆ ದೇವದುರ್ಗ ಯಾಕೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಅವರ ಕಿಟಕಿಯ ಹೊರಗೇ ಇರಬಹುದು. ಎದುರಿನ ಕಟ್ಟಡ ಕಟ್ಟುತ್ತಿರುವವರು ಆ ಕಡೆಯಿಂದ ಬಂದವರಾಗಿರಬಹುದಲ್ವಾ?

ಸಮಯವೂ ಮುಖ್ಯ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರುವರಿಯಲ್ಲಿ ಹೋಗಿ ದೊಡ್ಡ ಯೋಜನೆ ಇಟ್ಟರೆ "ಚೆನ್ನಾಗಿದೆ, ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ. ನವೆಂಬರಿಗೆ ಹಣ ಬೇಕಾದವರು ಬೇಸಿಗೆಯಲ್ಲೇ ಬಾಗಿಲು ತಟ್ಟಬೇಕು.

ತರಬೇತಿಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ಎದುರಿಗೆ ಕೂತಿರುವ ಸಿಎಸ್‌ಆರ್ ಮ್ಯಾನೇಜರ್ ಬಹಳ ಸಲ ತೀರ್ಮಾನ ಮಾಡುವವರಲ್ಲ. ಅವರು ಸಮಿತಿಗೋ ಬೋರ್ಡಿಗೋ ಹೋಗಿ ಹೇಳಬೇಕು. ಅಲ್ಲಿ ಅಕ್ಕ ಇರುವುದಿಲ್ಲ, ಇವರ ಕೈಯಲ್ಲಿ ಇನ್ನೂ ಹತ್ತು ಪ್ರಪೋಸಲ್ ಇರುತ್ತವೆ. ಹಾಗಾಗಿ ಅಕ್ಕ ಕೊಟ್ಟು ಬರಬೇಕಾದ್ದು ಅವರು ಮೇಲೆ ಹೊತ್ತುಕೊಂಡು ಹೋಗಬಹುದಾದ ಒಂದು ವಾಕ್ಯ. "ಅಪ್ಪ ಅಮ್ಮ ಗುಳೆ ಹೋದರೂ 60 ಮಕ್ಕಳ ಶಾಲೆ ನಿಲ್ಲದ ಹಾಗೆ ಮಾಡ್ತಾರೆ, ಆರು ತಿಂಗಳಿಗೆ 12 ಲಕ್ಷದ ಒಳಗೆ." ಮ್ಯಾನೇಜರ್ ಇದನ್ನು ಲಿಫ್ಟಿನಲ್ಲಿ ನಿಂತುಕೊಂಡು ಹೇಳಬಲ್ಲರು. ಸರ್ವಾಂಗೀಣ ಅಭಿವೃದ್ಧಿಯನ್ನು ಹೇಳಲಾರರು.

ಅಲ್ಲೇ ಇನ್ನೊಂದು ಮಾತು ಬರುತ್ತದೆ: "ಆಡಳಿತ ವೆಚ್ಚಕ್ಕೆ ಶೇ. 5ಕ್ಕಿಂತ ಜಾಸ್ತಿ ಕೊಡೋಕಾಗಲ್ಲ, ಕಾನೂನು." ಅಕ್ಕ ಸುಮ್ಮನೆ ತಲೆಯಾಡಿಸಿ, ಲೆಕ್ಕ ಬರೆಯುವವರ ಸಂಬಳ ಪಟ್ಟಿಯಿಂದ ತೆಗೆದು ಬರುತ್ತಾರೆ. ಆ ಶೇ. 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಕೆಲಸ ಮಾಡುವ ಸಂಸ್ಥೆಯ ಖರ್ಚಿಗೆ ಆ ನಿಯಮ ಅನ್ವಯವಾಗುವುದಿಲ್ಲ. ಕಂಪನಿ ತನ್ನದೇ ನೀತಿಯಿಂದ ಕಡಿಮೆ ಕೊಡುತ್ತೇನೆ ಅಂದರೆ ಅದು ಬೇರೆ ಮಾತು, ಮಾತಾಡಿ ನೋಡಬಹುದು. ವಾರ್ಡನ್ ಇಲ್ಲದೆ ಹಾಸ್ಟೆಲ್ ನಡೆಯುತ್ತದಾ, ಲೆಕ್ಕದವರಿಲ್ಲದೆ ನಿಮಗೆ ಯುಸಿ, ಅಂದರೆ ಹಣ ಬಳಸಿದ ಪ್ರಮಾಣಪತ್ರ, ಕೊಡುವವರು ಯಾರು ಅಂತ ನಗುನಗುತ್ತಲೇ ಕೇಳುವುದನ್ನು ಅಭ್ಯಾಸ ಮಾಡಿಸಬೇಕು.

ಒಬ್ಬೊಬ್ಬ ದಾನಿಯ ಹತ್ತಿರ ಹೋಗುವಾಗ ಕೆಲವರು ದಾನಕ್ಕೆ ಸಿಗುವ ತೆರಿಗೆ ರಿಯಾಯಿತಿಯನ್ನು, ಅಂದರೆ 80ಜಿಯನ್ನೇ, ಮುಂದೆ ಮಾಡುತ್ತಾರೆ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ರಿಯಾಯಿತಿ ಸಿಗುವುದಿಲ್ಲ, ಹಳೆಯದರಲ್ಲೂ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಸಿಗುವುದಿಲ್ಲ. ರಸೀತಿ ಸರಿಯಾಗಿ ಕೊಡಿ, ಆದರೆ ಮಾತು ಅಲ್ಲಿಂದ ಶುರು ಮಾಡಬೇಡಿ. ಹೊರದೇಶದ ಕನ್ನಡ ಕೂಟಗಳಲ್ಲಿ ಮಾತಾಡಲು ಅವಕಾಶ ಸಿಕ್ಕವರು ಇನ್ನೂ ಹುಷಾರಾಗಿರಬೇಕು. ಭಾರತದ ಪೌರರಾಗಿದ್ದುಕೊಂಡು ಅಲ್ಲಿ ದುಡಿಯುತ್ತಿರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ, ಅವರ ಮನೆಯಲ್ಲಿ ಎಷ್ಟೇ ಚೆಂದದ ಕನ್ನಡ ಇರಲಿ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡೂ ಇರಲಿ, ಅದು ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಬೇಕು, ಹಣ ಮೊದಲು ಬರಬೇಕಾದ್ದು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯ ಖಾತೆಗೇ. ಚಪ್ಪಾಳೆಯ ಭರದಲ್ಲಿ ಖಾತೆ ನಂಬರ್ ಹೇಳಿಬಿಟ್ಟರೆ ಆಮೇಲೆ ತಲೆನೋವು.

ಎರಡನೇ ಗಂಟು ನಾಚಿಕೆ. ಇದು ನಮ್ಮಲ್ಲಿ ಯಾಕೆ ಇಷ್ಟು ಇದೆಯೋ! ಜೋಳಿಗೆ ಹಿಡಿದು ದಾಸೋಹ ನಡೆಸಿದ ನಾಡು ಇದು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಕೇಳಿದ್ದು ದುಡ್ಡಲ್ಲ, ಜನರ ಕುಡಿತ, ಬೀಡಿ, ಗುಟ್ಕಾ. ನಿಮ್ಮ ಚಟವನ್ನು ಈ ಜೋಳಿಗೆಗೆ ಹಾಕಿ ಅಂದರು. ಸಮಾಜ ಸುಧಾರಣೆಗೆ ಸಹಕರಿಸಿ ಅಂತ ಮಾತ್ರ ಹೇಳಿದ್ದರೆ ಜನ ಕೈಮುಗಿದು ಹೋಗುತ್ತಿದ್ದರು. ಏನು ಹಾಕಬೇಕು, ಎಲ್ಲಿ ಹಾಕಬೇಕು, ಎರಡೂ ಕಣ್ಣೆದುರಿಗೆ ಇತ್ತು. ಬೆಳಗಾವಿಯ ಕೆಎಲ್‌ಇ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಏಳು ಜನ ಶಿಕ್ಷಕರು. ಅವರ ಕೆಲಸವೂ ಊರವರು ಕೊಡದೆ ಬೆಳೆಯಲಿಲ್ಲ.

ಆದರೂ ಸಂಖ್ಯೆ ಹೇಳುವಾಗ ಗಂಟಲು ಕಟ್ಟುತ್ತದೆ. "ತಮಗೆ ತೋಚಿದಷ್ಟು" ಅಂತ ಬಾಯಿಗೆ ಬಂದುಬಿಡುತ್ತದೆ. ಕೇಳುವವರಿಗೆ ಇದು ಮರ್ಯಾದೆ ಅನಿಸುತ್ತದೆ. ಕೊಡುವವರಿಗೆ ಪೇಚು. ಸಾವಿರ ಕೊಟ್ಟರೆ ಕಡಿಮೆಯಾಯಿತೋ, ಲಕ್ಷ ಜಾಸ್ತಿಯಾಯಿತೋ ಅಂತ ಅವರೇ ಲೆಕ್ಕ ಹಾಕಬೇಕು. ಇದಕ್ಕೆ ಉಪದೇಶ ನಡೆಯುವುದಿಲ್ಲ, ಅಭ್ಯಾಸವೇ ಮದ್ದು. ಹನ್ನೊಂದು ಲಕ್ಷ ಎಂಬತ್ತೆಂಟು ಸಾವಿರ ಅಂತ ಇಪ್ಪತ್ತು ಸಲ ಗಟ್ಟಿಯಾಗಿ ಹೇಳಿಸುತ್ತಾರೆ. ಮೊದಮೊದಲು ನಗು ಬರುತ್ತದೆ. ಹತ್ತನೇ ಸಲಕ್ಕೆ ಅದು ಅಕ್ಕಿಯ ರೇಟು ಹೇಳಿದಷ್ಟು ಸಹಜವಾಗುತ್ತದೆ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದನ್ನೂ ಕಲಿಸಬೇಕು. ಆ ನಾಲ್ಕೈದು ಸೆಕೆಂಡಿನ ಮೌನ ತಡೆಯಲಾಗದೆ ಎಷ್ಟೋ ಜನ "ಇಲ್ಲ ಅಂದ್ರೆ ಅರ್ಧ ಆದರೂ ಪರವಾಗಿಲ್ಲ" ಅಂತ ತಾವೇ ಇಳಿಸಿಬಿಡುತ್ತಾರೆ. ಇದೇನು ತರಕಾರಿ ಚೌಕಾಸಿಯಾ?

ಕಷ್ಟದ ಪ್ರಶ್ನೆಗಳನ್ನು ಕೋಣೆಯೊಳಗೇ ಎದುರಿಸಿಕೊಂಡು ಹೋಗಬೇಕು. ಇದು ಸರ್ಕಾರದ ಕೆಲಸ ಅಲ್ವಾ? ಮೂರು ವರ್ಷದ ನಂತರ ನಾವು ಕೊಡದಿದ್ದರೆ? ಮಧ್ಯದಲ್ಲಿ ಬಿಟ್ಟು ಹೋದ ಮಕ್ಕಳು ಎಷ್ಟು? ಕೊನೆಯದಕ್ಕೆ "ಯಾರೂ ಬಿಡಲ್ಲ" ಅಂದರೆ ಯಾರೂ ನಂಬುವುದಿಲ್ಲ. ಏಳು ಮಕ್ಕಳು ಬಿಟ್ಟರು, ನಾಲ್ವರಿಗೆ ಅಮ್ಮನನ್ನು ಬಿಟ್ಟಿರಲು ಆಗಲಿಲ್ಲ, ಅದಕ್ಕೆ ಈ ಸಲ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಿಸುತ್ತಿದ್ದೇವೆ ಅಂದರೆ ಎದುರಿನವರು ಪೆನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಸೋತದ್ದನ್ನು ಲೆಕ್ಕ ಇಟ್ಟಿರುವವರು ಹಣವನ್ನೂ ಲೆಕ್ಕ ಇಡುತ್ತಾರೆ ಅನ್ನುವ ನಂಬಿಕೆ ಬರುತ್ತದೆ.

ಫಲಿತಾಂಶವನ್ನು ಮೊದಲೇ ಬರೆದುಕೊಡುವ ಈ ರೂಢಿ ಈಗ ಷೇರುಪೇಟೆಯವರೆಗೂ ಹೋಗಿದೆ. ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಅಂತ ಒಂದು ವಿಭಾಗವಿದೆ. 2023ರ ಡಿಸೆಂಬರಿನಲ್ಲಿ ಅದರಲ್ಲಿ ಮೊದಲು ಪಟ್ಟಿಯಾಗಿದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್, ಎತ್ತಿದ್ದು 1.8 ಕೋಟಿ ರೂಪಾಯಿ. ಅಲ್ಲಿ ಹಣ ಹಾಕಿದವರಿಗೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ. ಸಿಗುವುದು ಹೇಳಿದ ಕೆಲಸ ಆಯಿತೋ ಇಲ್ಲವೋ ಅನ್ನುವ ವರದಿ. ನಮ್ಮ ಅಕ್ಕನಿಗೆ ಅದು ಇನ್ನೂ ದೂರದ ಮಾತು.

ಸದ್ಯಕ್ಕೆ ಅವರ ಮುಂದೆ ಇರುವುದು ಮತ್ತೊಂದು ಕಂಪನಿ, ಮೂವರು ಕೇಳುಗರು. ಪಿಪಿಟಿ ಇಲ್ಲ, ಒಂದು ಹಾಳೆ ಇದೆ.

"ದೀಪಾವಳಿ ಆತಂದ್ರ ನಮ್ಮೂರಾಗ ಮನಿ ಮನಿಗೆ ಬೀಗ ಬೀಳ್ತಾವ್ರಿ. ಅಪ್ಪ ಅವ್ವ ಇಲ್ಲಿ ಬೆಂಗಳೂರಿಗೆ ಬರ್ತಾರ, ಹುಡುಗರೂ ಬರ್ತಾವ. ಹಾಜರಿ ಪುಸ್ತಕದಾಗ ಹೆಸರು ಅಷ್ಟ ಉಳಿತೈತಿ. ಹೋದ ವರ್ಷ ನಾವು 60 ಹುಡುಗರನ್ನ ಊರಾಗ ಇಟ್ಕೊಂಡ್ವಿ. ಏಳು ಹುಡುಗರು ನಡುವ ಬಿಟ್ಟು ಹೋದ್ವು. ಉಳಿದ 53 ಹುಡುಗರು ಜೂನ್‌ದಾಗ ಮುಂದಿನ ಕ್ಲಾಸಿನಾಗ ಕುಂತಾವ. ಒಂದು ಹುಡುಗಗ ದಿನಕ್ಕ 110 ರೂಪಾಯಿ. ಈ ವರ್ಷಕ್ಕ 11 ಲಕ್ಷ 88 ಸಾವಿರ ಬೇಕ್ರಿ. ಅಕ್ಟೋಬರ್ ಒಳಗ ಬೇಕು. ನೀವು ಕೊಡ್ತೀರೇನು ಅಂತ ಕೇಳಾಕ ಬಂದೀನಿ."

ಹೇಳಿ ಸುಮ್ಮನಾದರು. ಎಸಿ ಸದ್ದು ಮಾತ್ರ. ಮೂಲೆಯಲ್ಲಿ ಕೂತಿದ್ದವರು ಹಾಳೆಯಿಂದ ತಲೆ ಎತ್ತಿ ಕೇಳಿದರು: "ಅಡುಗೆ ಮಾಡೋರು ಯಾರು ಮೇಡಂ?"

"ಗುಳೆ ಹೋಗದ ಉಳಿದ ಇಬ್ಬರು ತಾಯಂದಿರು ರೀ."